ತತ್ತಿ ಇಲ್ಲದ ಬಾಟಲಿ

ಮಯೋನೀಸ್‌ಗೆ ಬೆಳ್ಳುಳ್ಳಿ ಜಜ್ಜಿ ಹಾಕಿದರೆ ಸಾಕು, ಸಿಂಧನೂರಿನ ನಮ್ಮ ಅಡುಗೆಮನೆ ಈಗಲೂ ಕಣ್ಣ ಮುಂದೆ ಬರುತ್ತದೆ.

ಜ್ವರದಿಂದ ಎದ್ದ ಅಜ್ಜಿಗೆ ಊಟವೇ ಸೇರುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವ್ವ ಮಯೋನೀಸ್‌ಗೆ ಗಟ್ಟಿ ಮೊಸರು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಕಲಸಿ, ಮೆತ್ತನೆಯ ರೊಟ್ಟಿಗೆ ಸವರಿ ಕೊಟ್ಟಳು. ಅಜ್ಜಿ ಬೆರಳು ನೆಕ್ಕಿ, "ಇನ್ನೊಂಚೂರು ಹಾಕವ್ವಾ" ಅಂದಳು. ಅವ್ವನ ಮುಖ ಅರಳಿತು.

ಅಷ್ಟರಲ್ಲಿ ಅಪ್ಪ ಬಾಟಲಿ ತಿರುಗಿಸಿ ಓದಿ, "ಇದ್ರಾಗ ತತ್ತಿ ಐತಲ್ಲ!" ಅಂದ. ಅಜ್ಜಿಯ ಕೈ ಕೊರಳಿನ ಲಿಂಗಕ್ಕೆ ಹೋಯಿತು.

ಮರುದಿನ ಅವ್ವ ತತ್ತಿ ಇಲ್ಲದ ಬಾಟಲಿ ಹುಡುಕಿ ತಂದು, ಹಾಗೆಯೇ ಕಲಸಿ, "ಇದ್ರಾಗ ಏನೂ ಇಲ್ರಿ ಅತ್ತೀ, ಒಂದ ತುತ್ತು" ಎಂದು ಗೋಗರೆದಳು.

ಅಜ್ಜಿ ಮುಖ ತಿರುಗಿಸಿದಳು. "ತಿಳೀಲಾರ್ದ ತಿಂದದ್ದಕ್ಕ ಶಿವ ಏನೂ ಅನ್ನಂಗಿಲ್ಲ. ಆದ್ರ ನನಗ ಅದು ರುಚಿ ಹತ್ತಿತಲ್ಲವ್ವಾ."

ಅವ್ವ, ಎತ್ತಿದ ತುತ್ತನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ಹಾಗೇ ಹಿಡಿದುಕೊಂಡು ಕೂತಿದ್ದಳು.