ಸಡಿಲ ಗಂಟು

"ಬರ್ತಾಳನ್ನು ಯಾಕೆ ಕೊಂದಿರಿ?" ದೀಕ್ಷಿತಾ ಬಾಗಿಲಲ್ಲೇ ನಿಂತು ಕೇಳಿದಳು.

"ಕೊಲ್ಲಲಿಲ್ಲ, ತೆಗೆದೆ," ಎಂದ ಭುಜಂಗ.

ಅವಳು ಮಣಿಪಾಲದ ಪ್ರಕಾಶನವೊಂದರ ಸಂಪಾದಕಿ. ಭುಜಂಗನ ಕಾದಂಬರಿ ನಾಡಿದ್ದು ಅಚ್ಚಿಗೆ ಹೋಗಬೇಕು. ಕಥೆ ಐವತ್ತು ವರ್ಷ ಮುಂದಿನದು. ಜಾತಿ ಬಿಟ್ಟು ಮದುವೆಯಾದವರನ್ನು ಕಾವಲುಪಡೆ ಮನೆಮನೆ ಹೊಕ್ಕು ಹುಡುಕುತ್ತದೆ. ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ, ಮಲ್ಲಿಗೆ ಕಟ್ಟುವ ಬರ್ತಾ ಒಬ್ಬಳೇ ಓಡಿಬಂದ ಜೋಡಿಯನ್ನು ಒಳಗೆ ಕರೆದು ಗಂಜಿ ಬಡಿಸುತ್ತಾಳೆ. ಕೊನೆಯ ಪ್ರತಿಯಲ್ಲಿ ಅವಳಿಲ್ಲ. ಗಂಜಿಯೂ ಇಲ್ಲ.

"ಕರಾಳ ಲೋಕದಲ್ಲಿ ಒಬ್ಬ ಒಳ್ಳೆಯವಳಿದ್ದರೂ ಓದುಗ ಅವಳ ಸೆರಗು ಹಿಡಿದು ಹಾಯಾಗಿ ಮಲಗುತ್ತಾನೆ. ಅವನಿಗೆ ನಿದ್ದೆ ಬರಬಾರದು."

ಮಾತಿನಲ್ಲೇ ಮಂಟಪ ಕಟ್ಟುವವನು ಭುಜಂಗ. ಗೋಷ್ಠಿಗಳಲ್ಲಿ ಇದೇ ಮಾತಿಗೆ ಚಪ್ಪಾಳೆ ಗಿಟ್ಟಿಸಿದ್ದ.

"ನನ್ನ ನಿದ್ದೆ ಕೆಡಿಸಿದ್ದೇ ಅವಳು," ಎಂದಳು ದೀಕ್ಷಿತಾ. "ಅವಳು ಸಿಕ್ಕಿಬೀಳುವ ಅಧ್ಯಾಯ ಎಂತ ಕಲ್ಪನೆ ಮಾರಾಯ್ರೇ! ಅಡಗಿದ ಹುಡುಗಿ ಸುಮ್ಮನೆ ಕೂರಲಾರದೆ ಹೂ ಕಟ್ಟುತ್ತಾಳೆ. ಬಾಳೆನಾರಿನ ಗಂಟು ಸಡಿಲ. ಹೂ ಮಾರುವ ಕಟ್ಟೆಯಲ್ಲಿ ಗಿರಾಕಿಯೊಬ್ಬ ಅದನ್ನು ಎತ್ತಿ ಹಿಡಿದು, 'ಬರ್ತಾಬಾಯಿ ಮನೆಯಲ್ಲಿ ಹೊಸ ಕೈ ಉಂಟಲ್ವಾ' ಎಂದು ನಗುತ್ತಾನೆ. ಸಂಜೆಗೆ ಪಡೆ ಬರುತ್ತದೆ. ಆ ಗಿರಾಕಿಗೆ ಒಂದು ಹೆಸರಾದರೂ ಬೇಡವಾ?"

"ಅವನು ಮುಖ್ಯನಲ್ಲ."

"ಬರ್ತಾ ಇಲ್ಲದಿದ್ದರೆ ಪುಸ್ತಕ ನಮಗೆ ಬೇಡ."

"ಹಾಗಾದರೆ ಬೇಡ."

ದನಿ ಗಟ್ಟಿಯಾಗಿಯೇ ಇತ್ತು. ಇಷ್ಟು ಒಳ್ಳೆಯ ಹೆಂಗಸನ್ನು ಇಷ್ಟು ಸಲೀಸಾಗಿ ಅಳಿಸುತ್ತಾರಲ್ಲ ಎಂದು ದೀಕ್ಷಿತಾಳಿಗೆ ಮೈ ಉರಿಯಿತು.

ಸಿಟ್ಟಿನಲ್ಲಿ ಹೊರಡಲು ತಿರುಗಿದಾಗ ಅವಳ ಬ್ಯಾಗು ಗೋಡೆಯ ಫೋಟೊಗೆ ತಗಲಿತು. ಭುಜಂಗನ ತೀರಿಹೋದ ತಾಯಿಯ ಫೋಟೊ. ಅದಕ್ಕೆ ಹಾಕಿದ್ದ ಒಣಗಿದ ಮಲ್ಲಿಗೆ ಮಾಲೆ ಕೆಳಗೆ ಬಿತ್ತು. ಕ್ಷಮೆ ಕೇಳುತ್ತಾ ಅದನ್ನು ಎತ್ತಿಕೊಂಡಳು. ಹೂಗಳು ಒಂದೊಂದಾಗಿ ಕಳಚಿ ಉದುರಿದವು. ಮಲ್ಲಿಗೆಗೆ ಹೆಸರಾದ ಶಂಕರಪುರದ ಕೈ ಕಟ್ಟಿದ ಗಂಟು, ಹೂ ಒಣಗಿದರೂ ಬಿಡುವುದಿಲ್ಲ. ಉಡುಪಿಯಲ್ಲಿ ಹೂ ಮುಡಿಯುವವರಿಗೆಲ್ಲ ಅದು ಗೊತ್ತು.

"ಇದು ಎಲ್ಲಿಯ ಹೂ?"

"ಶಂಕರಪುರದ್ದೇ. ಹೋದ ಮಾರ್ಚಿನಲ್ಲಿ ನಾನೇ ತಂದದ್ದು, ಸಡಿಲ ಗಂಟು ನೋಡಿ ನಕ್ಕು." ಭುಜಂಗ ಕಿಟಕಿಯ ಕಡೆ ತಿರುಗಿದ. "ಹೂ ಕೊಟ್ಟ ಆ ಬಾಯಿ ಈಗ ಇಲ್ಲ."

ದೀಕ್ಷಿತಾ ಖಾಲಿ ನಾರನ್ನು ಮೇಜಿನಲ್ಲಿದ್ದ ಹಸ್ತಪ್ರತಿಯ ಮೇಲಿಟ್ಟಳು. ಬರ್ತಾಳನ್ನು ಭುಜಂಗ ಅಳಿಸಿದ್ದು ಇದು ಎರಡನೆಯ ಸಲ.