ನಡುಮನೆಗೆ ಯಾವ ಬಣ್ಣ?

ಕೆರೆಯುವ ಸದ್ದಿಗೆ ಅಫ್ರಾಕೋಮಾಗೆ ಎಚ್ಚರವಾಯಿತು. ಇಲಿಯಲ್ಲ. ನಡುಮನೆಯ ಗೋಡೆಯಿಂದ ಯಾರೋ ಹಳೆಯ ಬಣ್ಣ ಕೆರೆದು ತೆಗೆಯುತ್ತಿದ್ದರು.

ಮುದುಕಿ ದಡಬಡಿಸಿ ಎದ್ದು ಕೂತಳು. ಮ್ಯಾಂಪೊಂಗ್ ಊರಿನ ಆ ಮನೆಯಲ್ಲಿ ಸುಮ್ಮಸುಮ್ಮನೆ ಯಾರೂ ಗೋಡೆಗೆ ಬಣ್ಣ ಬಳಿದವರಲ್ಲ. ಬದುಕಿರುವವರಿಗೆ ಕಲೆಬಿದ್ದ ಗೋಡೆಯೇ ಸಾಕು. ಯಾರಾದರೂ ಸತ್ತರೆ ಮಾತ್ರ ಪೇಂಟರಿಗೆ ಕರೆ ಹೋಗುತ್ತದೆ. ಊರೆಲ್ಲ ಬಂದು ಕೂರುವ ನಡುಮನೆ ಹೊಸದಾಗಬೇಕು. ಆಮೇಲೆ ಒಂದು ಶನಿವಾರ ಸಂಸ್ಕಾರ.

ಆದರೆ ಈಗ ಮನೆಯಲ್ಲಿ ಯಾರೂ ಸತ್ತಿಲ್ಲ. ಸಾಯುವ ಸರದಿ ಯಾರದೆಂದರೆ, ಎದೆನೋವೆಂದು ಕುಮಾಸಿಯ ಆಸ್ಪತ್ರೆ ಸೇರಿ ಮೊನ್ನೆ ತಾನೇ ಮರಳಿದ ತನ್ನದೇ.

ಅವಳು ಬಾಗಿಲ ಸಂದಿಗೆ ಕಣ್ಣಿಟ್ಟಳು. ಗೋಡೆಯ ಮೇಲೆ ಕೆನೆ, ನೀಲಿ, ಬೂದು ಬಣ್ಣಗಳನ್ನು ಮಾದರಿಗೆಂದು ಬಳಿದಿದ್ದರು. ಮಗ ಅಂಪೋಫೊ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ. ಪಕ್ಕದಲ್ಲಿ ಪೇಂಟರ್ ಅಸಿಯೆಡು.

"ಕೆನೆ ಬಣ್ಣವೇ ಇರ್ಲಿ ಅಣ್ಣ. ಫೋಟೊ ಎದ್ದು ಕಾಣುತ್ತೆ."

"ನೀಲಿ?"

"ನೀಲಿ ಮುಂದೆ ಮುಖ ಕಪ್ಪಿಡುತ್ತೆ. ಫೋಟೊ ಕೊಟ್ಟಾಯ್ತಾ?"

"ಸ್ಟುಡಿಯೋದವರು ದೊಡ್ಡದು ಮಾಡ್ತಿದ್ದಾರೆ."

ಅಫ್ರಾಕೋಮಾ ಎದುರಿನ ಗೋಡೆ ನೋಡಿದಳು. ಬರೀ ಮೊಳೆ. ಅಲ್ಲಿದ್ದದ್ದು ಅವಳೂ ಕಿರಿಮಗಳು ಡುಫಿಯೂ ಇದ್ದ ಚಿತ್ರ. ಡುಫಿ ಟೀಚರ್ ಆದ ದಿನ ತೆಗೆಸಿದ್ದು. ಅದರಲ್ಲಿ ಅಫ್ರಾಕೋಮಾ ಹಬ್ಬಕ್ಕೆಂದು ಇಟ್ಟ ಬಣ್ಣಬಣ್ಣದ ಕೆಂಟೆ ಬಟ್ಟೆ ಹೊದ್ದು ರಾಣಿಯಂತೆ ಕೂತಿದ್ದಳು. ಸಾವಿನ ಚಿತ್ರಕ್ಕೆ ಹೇಳಿ ಮಾಡಿಸಿದ ಮುಖ.

"ಗೋಡೆ ಬುಡದ ಪಟ್ಟಿ ಶುರು ಮಾಡ್ಲಾ?"

"ಆ ಡಬ್ಬ ಈಗ ಬೇಡ. ಗೋಣಿ ಮುಚ್ಚೇ ಇರ್ಲಿ. ಅಮ್ಮ ನೋಡಿದ್ರೆ ಗೊತ್ತಾಗಿಬಿಡುತ್ತೆ. ಮೊದಲು ಮಾವ ಬರ್ಲಿ."

"ಶನಿವಾರದೊಳಗೆ ಒಣಗಬೇಕಲ್ಲ. ನಾನೇನು ಊದಿ ಒಣಗಿಸ್ಲಾ?"

ಶನಿವಾರ! ದಿನವನ್ನೂ ಗೊತ್ತು ಮಾಡಿಬಿಟ್ಟಿದ್ದಾರೆ. ಇನ್ನೂ ಉಸಿರಾಡುತ್ತಿರುವವಳಿಗೆ! ಅವಳು ಮಂಚ ಹಿಡಿದು ಕೂತಳು.

ಬಾಗಿಲ ಸಂದಿಯಲ್ಲಿ, ಅಸಿಯೆಡು ಕೆರೆದ ಕಡೆ, ಗೋಡೆಯ ಬುಡದ ಪಟ್ಟಿಯ ಹಳೆಯ ಪದರಗಳು ಕಾಣುತ್ತಿದ್ದವು. ಎಂಥ ಸಾವೆಂದು ಹೇಳುವುದು ಆ ಪಟ್ಟಿಯ ಬಣ್ಣವೇ. ಮೇಲಿನದು ಬಿಳಿ: ಮೊಮ್ಮಕ್ಕಳ ಮಕ್ಕಳನ್ನು ಕಂಡು ಹೋದ ಅತ್ತೆಯದು. ಬಂದವರು ಆ ಪಟ್ಟಿ ನೋಡಿ ತುಂಬಿದ ಬಾಳೆಂದು ಮೆಚ್ಚಿದ್ದರು, ಕುಣಿದಿದ್ದರು. ಅದರಡಿಯಲ್ಲಿ ಕೆಂಪು. ಲಾರಿಯಡಿ ಸಿಕ್ಕ ಹದಿಹರೆಯದ ಮೈದುನನಿಗೆ ಬಳಿದದ್ದು. ಆಗ ಯಾರೂ ಕುಣಿದಿರಲಿಲ್ಲ. ಕೆಂಪು ಹೊತ್ತಲ್ಲದ ಹೊತ್ತಿನ ಸಾವಿನದು. ತನಗಂತೂ ಬಿಳಿಯೇ ಸರಿ. ಆದರೆ ಇಷ್ಟು ಬೇಗ ಯಾಕೆ?

ಅಂಪೋಫೊ ಸಾರು ತಂದ. ಜೊತೆಗೊಂದು ಮಾತ್ರೆ.

"ಮೊದಲು ಇದನ್ನ ನುಂಗಮ್ಮ. ಸಂಜೆ ಮಾವ ಬರ್ತಾರೆ. ಕೂತು ಮಾತಾಡೋದಿದೆ."

ಮಾವನೆಂದರೆ ಅವಳ ಅಣ್ಣ, ಕುಲದ ಹಿರಿಯ. ಸಾವಿನ ವಿಷಯವಲ್ಲದೆ ಕೋಲೂರಿಕೊಂಡು ಹೊರಡುವ ಆಸಾಮಿಯಲ್ಲ.

"ಏನು ಮಾತು?"

"ಅವರು ಬರ್ಲಿ."

"ಡುಫಿ ಯಾಕೋ ಫೋನೇ ಮಾಡಿಲ್ಲ."

ಮಗನ ಕೈಯಲ್ಲಿ ಚಮಚ ನಿಂತಿತು. "ಅವಳ ಸ್ಕೂಲಿರೋ ತಮಾಲೆ ಕಡೆ ನೆಟ್‌ವರ್ಕ್ ಇಲ್ವಂತೆ."

"ನನ್ನ ನೋಡೋಕೆ ಬರ್ತಾಳಾ?"

"ಬರ್ತಾಳಮ್ಮ. ಶನಿವಾರ ಬರ್ತಾಳೆ." ಅವನು ಮುಖ ತಿರುಗಿಸಿಕೊಂಡ.

ಹೆತ್ತ ತಾಯಿಯ ಕಣ್ಣು ತಪ್ಪಿಸುವ ಮಗ! ಅವನು ಹೊರಗೆ ಹೋದದ್ದೇ ತಡ, ಅವಳು ನಾಲಗೆಯಡಿಯ ಮಾತ್ರೆಯನ್ನು ಉಗಿದಳು. ಸಾರನ್ನು ಕಿಟಕಿಯಾಚೆ ಚೆಲ್ಲಿದಳು. ಕೋಳಿಗಳು ಓಡಿಬಂದು ಕುಕ್ಕಿದವು. ಅವು ಸತ್ತು ಬೀಳುತ್ತವೋ ಎಂದು ಉಸಿರು ಬಿಗಿಹಿಡಿದು ನೋಡಿದಳು. ಬೀಳಲಿಲ್ಲ. ಭಯ ಮಾತ್ರ ಹೋಗಲಿಲ್ಲ.

ದೇವರೇ, ಶನಿವಾರದ ತನಕ ಇರಿಸು, ಎಂದು ಬೇಡಿಕೊಂಡಳು. ಡುಫಿಯ ಮುಖ ಒಂದು ಸಲ ನೋಡಿದರೆ ಸಾಕು. ಅವಳು ಬಂದು ತಲೆ ಬಾಚಿಕೊಟ್ಟು, ಎಂದಿನಂತೆ ರೇಗಿಸಿದರೆ ಸಾಕು. ಆಮೇಲೆ ಏನಾದರೂ ಆಗಲಿ.

ಹೊರಗೆ ಮತ್ತೆ ಕೆರೆಯುವ ಸದ್ದು ಶುರುವಾಯಿತು. ಇನ್ನು ತಡೆಯಲಾಗಲಿಲ್ಲ. ಗೋಡೆ ಹಿಡಿದು ನಡುಮನೆಗೆ ಬಂದಳು.

"ಏನ್ರೋ, ನನ್ನ ಸಾವಿಗೆ ನನ್ನ ಕೇಳದೇ ಬಣ್ಣ ಆರಿಸ್ತೀರಾ?"

ಅಸಿಯೆಡುವಿನ ಕೈಯಿಂದ ಕೆರೆಯುವ ತಗಡು ಜಾರಿತು. ಅಂಪೋಫೊ ಓಡಿಬಂದು ಅವಳ ತೋಳು ಹಿಡಿದ.

"ನಿನ್ನ ಸಾವಾ? ಅಯ್ಯೋ ಅಮ್ಮ! ನಿಂಗೇನಾಗಿದೆ? ಡಾಕ್ಟ್ರು ನೀನಿನ್ನೂ ಗಟ್ಟಿಮುಟ್ಟು ಅಂದ್ರು. ಎದೆಗೆ ದೊಡ್ಡ ಆಘಾತ ಆಗದ ಹಾಗೆ ನೋಡ್ಕೊಳ್ಳಿ ಅಂದ್ರು, ಅಷ್ಟೇ. ದೇವರಾಣೆ."

ಈ ಸಲ ಅವನು ಕಣ್ಣು ತಪ್ಪಿಸಲಿಲ್ಲ. ಕಣ್ಣು ತುಂಬಿಕೊಂಡು ಅವಳನ್ನೇ ನೋಡಿದ. ಅದು ನಿಜವೇ ಎಂದು ಅವಳಿಗೆ ತಿಳಿಯಿತು. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಬಂಡೆ ಇಳಿದಂತಾಯಿತು. ಅಳುವೂ ನಗುವೂ ಒಟ್ಟಿಗೇ ಬಂದವು.

"ಹಾಳಾದವ್ರಾ, ಜೀವ ತೆಗೆದ್ಬಿಟ್ರಲ್ಲೋ! ಮಗಳು ಬರ್ತಾಳೆ ಅಂತ ಮನೆ ಚೆಂದ ಮಾಡ್ತಿದ್ದೀವಿ ಅಂದಿದ್ರೆ ನಾನು ಬೇಡ ಅಂತಿದ್ನಾ? ಶನಿವಾರ ಡುಫಿಗೆ ನಾನೇ ಬಾಗಿಲು ತೆಗೀತೀನಿ, ನೋಡ್ತಿರಿ."

ಅಸಿಯೆಡು ಗೋಣಿ ಮುಚ್ಚಿದ ಡಬ್ಬವನ್ನು ಕಾಲಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಅದೇನು ಡಬ್ಬ ಮುಚ್ಚಿಟ್ಟಿದ್ದೀರಿ, ನಾನೂ ನೋಡ್ತೀನಿ." ಅಸಿಯೆಡುವಿಗೆ ಒಂದು ಅಭ್ಯಾಸ. ಒಳಗಿನ ಬಣ್ಣ ಯಾವುದೆಂದು ತಿಳಿಯಲು ಪ್ರತಿ ಡಬ್ಬದ ಮುಚ್ಚಳದ ಮೇಲೆ ಅದೇ ಬಣ್ಣದ ಬೊಟ್ಟಿಡುತ್ತಿದ್ದ. ಅವಳು ಬಗ್ಗಿ ಗೋಣಿಗೆ ಕೈ ಹಾಕಿದಳು.

"ಅಮ್ಮ, ಬೇಡ!" ಅಂಪೋಫೊ ಕಿರುಚಿದ.

ಮುಚ್ಚಳದ ಮೇಲಿನ ಬೊಟ್ಟು ಕೆಂಪಗಿತ್ತು.