ಚಾರ್ಜ್ ಪಟ್ಟಿ

ಉತ್ತರದ ಉಪ್ಪುಗಾಳಿಗೆ ಮೂರು ವರ್ಷ ಮೈಯೊಡ್ಡಿದವರು ನಿಂತಲ್ಲೇ ಉಪ್ಪಾಗುತ್ತಾರೆಂಬುದು ಮಂಡ್ಯ ಸೀಮೆಯ ಆ ಕಾಲೇಜಿನಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಆದರೂ ಅಲ್ಲಿನ ಸರ್ಕಾರಿ ನೌಕರಿಗೆ ಆಯ್ಕೆ ಶಿಬಿರ ಬಂದಾಗ ಡಿಗ್ರಿ ಮುಗಿಸಿದವರು ಬೆಳಗ್ಗೆಯೇ ಸಾಲುಗಟ್ಟಿ ನಿಂತಿದ್ದರು.

ಸುಶೀಲಾ ತನ್ನ ಸರದಿ ಬಂದೊಡನೆ ಊರನ್ನೂ ತಾನೇ ಹೇಳಿದಳು. "ಸವಳಗಟ್ಟಿ ಪಂಚಾಯ್ತಿ ಆಫೀಸೇ ಕೊಡಿ ಸಾರ್."

ಅವಳ ಅಕ್ಕ ಇಂದ್ರಾಣಿ ಅಲ್ಲಿಗೇ ಹೋಗಿದ್ದಳು. ಮೂರು ವರ್ಷ ತುಂಬುತ್ತಲೇ ಅವಳ ಕಾಗದ ಬರುವುದು ನಿಂತಿತ್ತು. ಚಾರ್ಜ್ ವಹಿಸಿಕೊಂಡವರ ಹೊರತು ಆ ಆಫೀಸಿನೊಳಗೆ ಬೇರೆಯವರನ್ನು ಬಿಡುತ್ತಿರಲಿಲ್ಲ.

ಸವಳಗಟ್ಟಿ ಕಡೆಯಿಂದ ಶಿಬಿರಕ್ಕೆ ಬಂದಿದ್ದ ಅಧಿಕಾರಿ ಮಹಾಂತಗೌಡರು ಚಾರ್ಜ್ ಪಟ್ಟಿಯನ್ನು ಮುಂದಿಟ್ಟರು. ಬೀರು ಒಂದು, ಕುರ್ಚಿ ಎರಡು, ಮೊಹರು ಒಂದು, ಹಿಂದಿನ ನೌಕರರು ಏಳು. ಸುಶೀಲಾ ಸಹಿ ಹಾಕಿದಳು.

"ನೋಡವಾ, ಮಳಿಗಾಲದಾಗ ಅವರಿಗೆ ತಾಡಪತ್ರಿ ಹೊಚ್ಚಬೇಕು, ಇಲ್ಲಾಂದ್ರ ಕರಗತಾರ," ಎಂದರು ಗೌಡರು. "ಆರು ಮಂದಿ ಪೂರಾ ಗಟ್ಟಿ ಆಗ್ಯಾರ. ಏಳನೇದಾಕಿಗೆ ಬಾಯಿ ಅಷ್ಟ ಇನ್ನೂ ಆಡತೈತಿ. ಅಕಿ ಮಾತು ಕಿವಿಗೆ ಹಾಕ್ಕೋಬ್ಯಾಡ."

ಸುಶೀಲಾ ಪೆನ್ನು ಕೆಳಗಿಟ್ಟು ಕೇಳಿದಳು. "ಏನಂತಾರೆ ಸಾರ್?"

ಗೌಡರು ಅವಳ ಸಹಿಯ ಮೇಲೆ ಮೊಹರು ಒತ್ತಿ, ಪಟ್ಟಿಯನ್ನು ಫೈಲಿಗೆ ಸೇರಿಸಿದರು.

"ದಿನಾ ಅದ ಒಂದ ಮಾತು. 'ನನ್ ತಂಗೀನ ಮಾತ್ರ ಇಲ್ಲಿಗೆ ಕಳಿಸ್ಬೇಡಿ' ಅಂತ."